ಅಕ್ಕೋರು ಮಾಡುತ್ತಿದ್ದ ಬಾರಿಹಣ್ಣಿನ ಜಾಮು

ಅಕ್ಕೋರು ತೀರಿಕೊಂಡು ಐದು ತಿಂಗಳಾಯಿತು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ರೊಟ್ಟಿ ಬಡಿಯುವಾಗ, ಪೇಪರು ತಿದ್ದುವಾಗ, ಬಸ್ಸಿಗೆ ಕಾಯುವಾಗ ಮನಸ್ಸಿನಲ್ಲೇ ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಪ್ರತಿ ಸಲವೂ ಅವರೇ ಗೆಲ್ಲುತ್ತಾರೆ. ಇದ್ದಾಗಲೂ ಅವರೊಂದಿಗೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಸತ್ತ ಮೇಲಾದರೂ ಒಂದು ಸಲ ಸೋಲಬಾರದೇ ಎನಿಸುತ್ತದೆ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದು ಕರೆಯುತ್ತಾರೆ. ಕುಷ್ಟಗಿಯಲ್ಲಿ ಅಂಥವರು ಎಷ್ಟೋ ಜನ ಇದ್ದಾರು. ನಾನೂ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ನನ್ನನ್ನು ಮಕ್ಕಳು ಮಿಸ್ ಎನ್ನುತ್ತವೆ. ಆದರೆ ನಮ್ಮ ಓಣಿಯಲ್ಲಿ ಅಕ್ಕೋರು ಎಂದರೆ ಒಬ್ಬರೇ. ಮೂರನೇ ಮತ್ತು ನಾಲ್ಕನೇ ಇಯತ್ತೆಯಲ್ಲಿ ನನಗೆ ಕಲಿಸಿದವರು. ಮದುವೆಯಾದ ಮೇಲೆ ನನಗೆ ಊರು ಬದಲಾಗಲಿಲ್ಲ, ಓಣಿಯೂ ಬದಲಾಗಲಿಲ್ಲ. ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಬಾಡಿಗೆ ಮನೆ ಸಿಕ್ಕಿದ್ದು ಅಕ್ಕೋರ ಮನೆಯ ಎದುರಿಗೇ. ಹೀಗಾಗಿ ಹತ್ತನೇ ವಯಸ್ಸಿಗೆ ಮುಗಿಯಬೇಕಾದ ನನ್ನ ಪಾಠ ನಲವತ್ತು ದಾಟಿದರೂ ಮುಗಿಯಲಿಲ್ಲ.

ಕುಳ್ಳಗೆ, ತೆಳ್ಳಗೆ ಇದ್ದರು. ಸೀರೆಯ ಅಂಚು ಯಾವಾಗಲೂ ನೆಲದಿಂದ ನಾಲ್ಕು ಬೆರಳು ಮೇಲೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ಇದ್ದರು ಎನ್ನುವುದಕ್ಕಿಂತ ತಮ್ಮನ ಸಂಸಾರ ಅವರ ಜೊತೆ ಇತ್ತು ಎಂದರೆ ಸರಿ. ನಮ್ಮ ಮನೆಯ ಬಾಗಿಲು ತೆರೆದೇ ಇದ್ದರೂ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, "ಅದೀಯೇನ?" ಎಂದು ಕೇಳಿ, ಉತ್ತರ ಬರುವ ಮೊದಲೇ ಅಡುಗೆಮನೆಯಲ್ಲಿ ಇರುತ್ತಿದ್ದರು. ಬಂದವರು ಮೊದಲು ಒಲೆಯ ಮೇಲೆ ಇದ್ದದ್ದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು.

ಅವರ ಬಾಯಲ್ಲಿ ಹೆಚ್ಚು ಕೇಳಿದ ಮಾತು "ಇನ್ನೊಮ್ಮಿ." ಪಾಟಿಯ ಮೇಲೆ ನಾವು ಕಷ್ಟಪಟ್ಟು ತುಂಬಿಸಿದ ಮಗ್ಗಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ "ಇನ್ನೊಮ್ಮಿ" ಎನ್ನುತ್ತಿದ್ದರು. ಬೈಗುಳವಿಲ್ಲ, ಹೊಡೆತವಿಲ್ಲ. ಒಂದೇ ಮಾತು. ಹೊಡೆದಿದ್ದರೆ ಅತ್ತು ಹಗುರಾಗಬಹುದಿತ್ತು. ಇದಕ್ಕೆ ಅಳುವುದಕ್ಕೂ ಬರುತ್ತಿರಲಿಲ್ಲ.

ಖರೆ ಹೇಳುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮ ಅವ್ವ, "ನಮ್ಮ ಹುಡುಗಿ ಹಾಡು ಛಲೋ ಹೇಳ್ತಾಳ್ರಿ" ಎಂದು ಶುರು ಮಾಡಿದಳು. ಮೂಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದ ಅಕ್ಕೋರು ತಲೆ ಎತ್ತದೆ, "ಹಾಡು ಬರಂಗಿಲ್ಲ. ಲೆಕ್ಕ ಛಲೋ ಮಾಡ್ತಾಳ" ಎಂದರು. ಅವ್ವ ಮುಂದೆ ಆರು ತಿಂಗಳು ಅಕ್ಕೋರ ಜೊತೆ ಮಾತಾಡಲಿಲ್ಲ. ನನ್ನ ಗಂಡ ಮಾತ್ರ ಈಗಲೂ, ಆ ಮಾತು ಕೇಳಿದ ಮೇಲೇ ನನ್ನನ್ನು ಮಾಡಿಕೊಳ್ಳುವ ಮನಸ್ಸಾಯಿತು ಎನ್ನುತ್ತಾರೆ. ಆ ಮದುವೆಯ ಊಟದಲ್ಲಿ ಅಕ್ಕೋರು ಅಡುಗೆಯವನನ್ನು ಕರೆಸಿ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಪಂಕ್ತಿಯಲ್ಲೇ ಹೇಳಿದ್ದೂ ಖರೆ.

ಇಂಥ ಅಕ್ಕೋರು ವರ್ಷಕ್ಕೊಮ್ಮೆ ಜಾಮು ಮಾಡುತ್ತಿದ್ದರು. ಎಲ್ಲೋ ಮೂರು ದಿನದ ತರಬೇತಿಗೆ ಹೋಗಿ ಪಪ್ಪಾಯಿ ಹಣ್ಣಿನ ಜಾಮು ಮಾಡುವುದನ್ನು ಕಲಿತು ಬಂದಿದ್ದರಂತೆ. ಬಂದವರೇ ಅದನ್ನೂ ತಿದ್ದಿದರು. ಪಪ್ಪಾಯಿ ತೆಗೆದರು, ನಮ್ಮ ಕಡೆ ಹೊಲದ ಬದುವಿನಲ್ಲಿ ಬೆಳೆಯುವ ಬಾರಿಹಣ್ಣು, ಅಂದರೆ ಎಲಚಿಹಣ್ಣು, ಹಾಕಿದರು. ಸಕ್ಕರೆ ತೆಗೆದರು, ಬೆಲ್ಲ ಹಾಕಿದರು. ಬಣ್ಣ ತೆಗೆದು ಒಣಶುಂಠಿ, ಲವಂಗ, ದಾಲ್ಚಿನ್ನಿ, ಕರಿಮೆಣಸು ಸೇರಿಸಿದರು. ಚಳಿಗೆ ಕೆಮ್ಮು ಬರುವುದಿಲ್ಲ ಎನ್ನುತ್ತಿದ್ದರು. ಎಳ್ಳಮಾವಾಸ್ಯೆಗೆ ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಅಕ್ಕೋರ ತಮ್ಮನ ಹೊಲಕ್ಕೆ ಹೋಗುವಾಗ ಪ್ರತಿ ಬುತ್ತಿಯಲ್ಲೂ ಆ ಜಾಮು ಇರಬೇಕು. ಸಜ್ಜೆ ರೊಟ್ಟಿ, ಸೆಂಗಾ ಹೋಳಿಗೆ, ಬದನೆಕಾಯಿ ಪಲ್ಯದ ಜೊತೆ ಅಕ್ಕೋರ ಜಾಮು. ಹನ್ನೆರಡು ಮನೆಗೆ ಎರಡೆರಡು ಬಾಟಲಿ.

ನನಗೆ ಇದರಲ್ಲಿ ಏನು ಕಷ್ಟ ಎಂದು ಕೇಳಬಹುದು. ನನ್ನ ಶಾಲೆಗೆ ಕ್ರಿಸ್‌ಮಸ್ ರಜೆ ಎಂದು ಎಂಟು ದಿನ ಸಿಗುತ್ತದೆ. ಎಳ್ಳಮಾವಾಸ್ಯೆ ಆ ರಜೆಯ ಆಸುಪಾಸಿನಲ್ಲೇ ಬರುತ್ತದೆ. ಮಲಗಬೇಕು, ತವರಿಗೆ ಹೋಗಿ ಕೂತು ಹರಟಬೇಕು, ಗಂಗಾವತಿಯ ಅಕ್ಕನ ಮನೆಗೆ ಹೋಗಬೇಕು ಎಂದು ನಾನು ನವೆಂಬರಿನಿಂದಲೇ ಲೆಕ್ಕ ಹಾಕುತ್ತಿದ್ದೆ. ರಜೆಯ ಮೊದಲ ದಿನ ಬೆಳಿಗ್ಗೆ ಬಾಗಿಲಿಗೆ ಎರಡು ಬಡಿತ.

"ಅದೀಯೇನ? ಚೀಲ ತೊಗೋ. ತಾವರಗೇರಾ ಸಂತಿ ಇವತ್ತು."

ಕುಷ್ಟಗಿಯ ಪ್ಯಾಟಿಯಲ್ಲಿ ಬಾರಿಹಣ್ಣು ಸಿಗುವುದಿಲ್ಲವೇ ಎಂದು ಕೇಳುವಷ್ಟರಲ್ಲಿ ಬಸ್ ನಿಲ್ದಾಣದ ದಾರಿ ಹಿಡಿದಿರುತ್ತಿದ್ದರು. ತಾವರಗೇರಾ ಸಂತೆಯಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಜವಾರಿ ಹಣ್ಣನ್ನು ಗೋಣಿತಟ್ಟಿನ ಮೇಲೆ ಗುಡ್ಡೆ ಹಾಕಿಕೊಂಡು ಕೂತಿರುತ್ತಾರೆ. ಗೋಲಿಯಷ್ಟು ಸಣ್ಣವು, ಕೆಂಪಗೆ ಸುಕ್ಕುಗಟ್ಟಿದವು, ಹುಳಿ ಸಿಹಿ ಎರಡೂ ಇದ್ದವು. ಅಕ್ಕೋರು ಕುಕ್ಕುರುಗಾಲಲ್ಲಿ ಕೂತು ಒಂದು ಮುಷ್ಟಿ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಮುಂದಿನ ಗುಡ್ಡೆ. ಮತ್ತೆ ಮೂಗು. ಹೀಗೆ ಇಡೀ ಸಾಲು. ಮಾರುವವರು ಮೊದಮೊದಲು ಬೈದು, ಆಮೇಲೆ ಅವರನ್ನು ಕಂಡ ಕೂಡಲೇ, "ಬರ್ರಿ ಅಕ್ಕೋರ, ಮೂಸಿ ನೋಡ್ರಿ" ಎಂದು ತಾವೇ ಮುಷ್ಟಿ ತುಂಬಿ ಕೊಡುತ್ತಿದ್ದರು.

ಮುಂದಿನ ಎರಡು ದಿನ ನನ್ನ ರಟ್ಟೆ ಮುರಿಯುವ ಕೆಲಸ. ಹಣ್ಣನ್ನು ಬೇಯಿಸಿ, ಕಿವುಚಿ, ಸಾಣಿಗೆಯಲ್ಲಿ ಹಾಕಿ ಅಂಗೈಯಿಂದ ತಿಕ್ಕಿ ತಿಕ್ಕಿ ಬೀಜ ಬೇರೆ ಮಾಡಬೇಕು. ಆ ಹಣ್ಣಿನಲ್ಲಿ ಇರುವುದೇ ಬೀಜ. ಒಂದು ಚೀಲ ಹಣ್ಣು ತಿಕ್ಕಿದರೆ ಅರ್ಧ ಬೋಗೋಣಿ ತಿರುಳು. ನಾನು ಬೀಜ ಚೆಲ್ಲಲು ಎದ್ದರೆ ಅಕ್ಕೋರು ಅದರಲ್ಲೊಂದು ಎತ್ತಿ ಬೆಳಕಿಗೆ ಹಿಡಿದು, "ಇನ್ನೂ ತಿರುಳ ಐತಿ. ಇನ್ನೊಮ್ಮಿ" ಎನ್ನುತ್ತಿದ್ದರು. ಮಿಕ್ಸರಿಗೆ ಹಾಕೋಣ ಎಂದು ಒಂದು ಸಲ ಹೇಳಿದ್ದೆ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಮಸಾಲೆಯ ಅಳತೆ ಬರೆದುಕೊಡಿ ಎಂದು ಎಷ್ಟು ಸಲ ಕೇಳಿದ್ದೇನೋ. "ಹಬಿ ಹೇಳತೈತಿ" ಎನ್ನುತ್ತಿದ್ದರು. ಕುದಿಯುವ ಬೋಗೋಣಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಏಳುವ ಹಬೆಯನ್ನು ಮೂಗಿಗೆ ಎಳೆದುಕೊಂಡು, ಕುಟ್ಟಿದ ಪುಡಿಯನ್ನು ಒಂದು ಚಿವುಟು ಉದುರಿಸುವುದು. ಮತ್ತೆ ಹಬೆ, ಮತ್ತೆ ಒಂದು ಚಿವುಟು. ಸಾಕೆನಿಸಿದಾಗ ತಲೆಯಾಡಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾಲಿಗೆಗೆ ಮಾತ್ರ ಒಂದು ಹನಿ ಮುಟ್ಟಿಸುತ್ತಿರಲಿಲ್ಲ. ಮುಟ್ಟಿಸುವ ಹಾಗೂ ಇಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆ ಹಿಡಿದು, ಆ ಎಡೆಯನ್ನು ಬೆಳೆಯ ಸಾಲಿನಲ್ಲಿ ಚರಗವೆಂದು ಚೆಲ್ಲಿ ಬರುವ ತನಕ ಮಾಡಿದ್ದನ್ನು ಯಾರೂ ಬಾಯಿಗೆ ಹಾಕಬಾರದು. ಅದು ಎಲ್ಲರ ಮನೆಯಲ್ಲೂ ಇರುವ ರೂಢಿ, ಆದರೆ ಅಕ್ಕೋರ ಮನೆಯಲ್ಲಿ ಸೌಟು ನೆಕ್ಕಿದ ಬೆಕ್ಕಿಗೂ ಕ್ಷಮೆ ಇರಲಿಲ್ಲ. ಚರಗ ಆದ ಮೇಲೂ ಅವರು ತಿನ್ನುತ್ತಿರಲಿಲ್ಲ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ತಾವು ಮಾಡಿದ್ದನ್ನು ತಾವು ತಿನ್ನದೆ ಹನ್ನೆರಡು ಮನೆಗೆ ಉಣಿಸುತ್ತಿದ್ದರು.

ಮತ್ತು ಆ ಜಾಮು, ಏನು ಹೇಳಲಿ, ಅಷ್ಟು ಛಲೋ ಇರುತ್ತಿತ್ತು. ಬಿಸಿ ರೊಟ್ಟಿಯ ಮೇಲೆ ಹಚ್ಚಿದರೆ ಮೊದಲು ಹುಳಿ, ಆಮೇಲೆ ಬೆಲ್ಲ, ಗಂಟಲಿಗೆ ಇಳಿಯುವಾಗ ಸಣ್ಣಗೆ ಮೆಣಸಿನ ಬಿಸಿ. ನನ್ನ ರಜೆ ಹಾಳಾದ ಸಿಟ್ಟೆಲ್ಲ ಆ ಮೊದಲ ತುತ್ತಿಗೆ ಇಳಿದುಹೋಗುತ್ತಿತ್ತು. ಮುಂದಿನ ವರ್ಷ ಬಾಗಿಲು ಬಡಿದಾಗ ಮತ್ತೆ ಏರುತ್ತಿತ್ತು, ಆ ಮಾತು ಬೇರೆ.

ಆಮೇಲೆ ಆ ಜ್ವರದ ವರ್ಷ ಬಂತು. ಊರಿಗೆಲ್ಲ ಬಂದ ಹಾಗೆ ಅಕ್ಕೋರಿಗೂ ಬಂತು, ಹದಿನೈದು ದಿನ ಕೋಣೆಯಲ್ಲಿ ಒಬ್ಬರೇ ಇದ್ದು ಎದ್ದು ಬಂದರು. ಮುಂದಿನ ಡಿಸೆಂಬರಿಗೆ ಮತ್ತೆ ಎರಡು ಬಡಿತ, ಮತ್ತೆ ಚೀಲ. ತಾವರಗೇರಾ ಸಂತೆಯಲ್ಲಿ ಮೊದಲ ಗುಡ್ಡೆಯ ಹಣ್ಣನ್ನೇ ತುಂಬಿಸಿಕೊಂಡರು. ಮೂಗಿಗೆ ಹಿಡಿಯಲಿಲ್ಲ. ಬೇಗ ಮುಗಿಯಿತಲ್ಲ ಎಂದು ನಾನು ಖುಷಿಪಟ್ಟೆ. ಅಷ್ಟು ವರ್ಷ ಗಣಿತ ಕಲಿಸಿದವಳಿಗೆ ಎರಡಕ್ಕೆ ಎರಡು ಕೂಡಿಸಲು ಬರಲಿಲ್ಲ.

ಆ ವರ್ಷ ಹೊಲದಲ್ಲಿ ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕೂತೆವು. ರೊಟ್ಟಿಗೆ ಜಾಮು ಹಚ್ಚಿ ಬಾಯಿಗಿಟ್ಟೆ. ನಾಲಿಗೆಗೆ ಜೋಮು ಹಿಡಿಯಿತು. ಲವಂಗ, ಬರೀ ಲವಂಗ, ಅದರ ಹಿಂದೆ ಕಹಿ. ಹಲ್ಲುನೋವಿಗೆ ಹಚ್ಚುವ ಎಣ್ಣೆಯನ್ನು ಬೆಲ್ಲದಲ್ಲಿ ಕಲಸಿದ ಹಾಗೆ. ಪಕ್ಕದಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿ ಮನೆಯಾಕೆ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಓಣಿಯ ಮೊದಲ ಮನೆಯ ಬಸ್ ಕಂಡಕ್ಟರನ ಹೆಂಡತಿ ನೀರಿನ ತಂಬಿಗೆ ಎತ್ತಿದಳು. ಅಕ್ಕೋರು ಎದುರಿಗೆ ಬದುವಿನ ಮೇಲೆ ಕೂತು ಎಲ್ಲರನ್ನೂ ನೋಡುತ್ತಿದ್ದರು.

"ಹೆಂಗ ಆಗೇತಿ?"

"ಛಲೋ ಆಗೇತ್ರಿ," ಎಂದೆವು, ಒಂದೇ ಬಾಯಿಯಲ್ಲಿ.

ಬೇರೆ ಏನು ಹೇಳಬಹುದಿತ್ತು? ಎಡೆ ಆಗುವ ಮೊದಲು ರುಚಿ ನೋಡುವ ಹಾಗಿಲ್ಲ. ಎಡೆ ಆದ ಮೇಲೆ ಅದು ಪ್ರಸಾದ, ಪ್ರಸಾದಕ್ಕೆ ಹೆಸರಿಡುವ, ಕುಂದು ಹೇಳುವ ಹಾಗಿಲ್ಲ. ಖರೆ ಹೇಳಲು ಈ ಎರಡರ ನಡುವೆ ಒಂದು ಗಳಿಗೆಯೂ ಇಲ್ಲದ ಹಾಗೆ ನಮ್ಮ ಹಿರಿಯರು ಹಬ್ಬ ಕಟ್ಟಿಟ್ಟಿದ್ದಾರೆ. ಒಂದು ವರ್ಷದ ಮಾತು, ಕೈ ತಪ್ಪಿರಬೇಕು ಎಂದು ನಾವೂ ಬಿಟ್ಟೆವು. ಮರುವರ್ಷ ಇನ್ನೂ ಹೆಚ್ಚಾಯಿತು. ಅಕ್ಕೋರ ತಮ್ಮನ ಹೆಂಡತಿ ಗುಟ್ಟಾಗಿ ಎಮ್ಮೆಯ ಕಲಗಚ್ಚಿಗೆ ಸುರಿದರೆ ಎಮ್ಮೆ ಮೂಸಿ ನೋಡಿ ಹಿಂದೆ ಸರಿಯಿತಂತೆ. ಅವಳು ಇದನ್ನು ನನಗೆ ಹೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನನ್ನ ಮೇಲೇ ರೇಗುತ್ತದೆ.

ಮೂರನೆಯ ವರ್ಷಕ್ಕೆ ವಿಷಯ ನಮ್ಮ ಓಣಿ ದಾಟಿತು. ಅಕ್ಕೋರು ಕಲಿಸಿದ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡರು. ಎಳ್ಳಮಾವಾಸ್ಯೆ ಮುಗಿದ ಮೊದಲ ಭಾನುವಾರ. ಕೊಪ್ಪಳ, ಗಂಗಾವತಿ, ಯಲಬುರ್ಗಾದಿಂದೆಲ್ಲ ಜನ ಬರುವವರಿದ್ದರು. ಅಕ್ಕೋರು ಎಂದೂ ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತಾರೆ, ನಾನು ಬರಿಗೈಯಲ್ಲಿ ಹ್ಯಾಂಗೆ ಇಸಿದುಕೊಳ್ಳಲಿ ಎಂದು ಯೋಚಿಸಿ, ಬಂದವರಿಗೆಲ್ಲ ಒಂದೊಂದು ಸಣ್ಣ ಬಾಟಲಿ ಜಾಮು ಕೊಡುವುದೆಂದು ತೀರ್ಮಾನಿಸಿದರು. ನೂರಾ ಇಪ್ಪತ್ತು ಬಾಟಲಿ ತರಿಸಿದರು. ಮೂರು ಚೀಲ ಹಣ್ಣು. ಆ ವರ್ಷ ನನ್ನ ಅಂಗೈ ಸುಲಿದುಹೋಯಿತು.

ಹೊಲದಲ್ಲಿ ಎಡೆ ಆಯಿತು, ನಾವೆಲ್ಲ ಬಾಯಿಗಿಟ್ಟೆವು. ಹಿಂದಿನ ಎರಡು ವರ್ಷಕ್ಕಿಂತ ಕಹಿ. "ಛಲೋ ಆಗೇತ್ರಿ," ಎಂದೆವು.

ಶನಿವಾರ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕೂತು ಬಾಟಲಿ ತುಂಬಿಸುತ್ತಿದ್ದೆವು. ಅವರು ಸೌಟಿನಿಂದ ಹಾಕುವುದು, ನಾನು ಬಾಯಿ ಒರೆಸಿ ಮುಚ್ಚಳ ತಿರುಗಿಸುವುದು. ಹತ್ತೋ ಹದಿನೈದೋ ಆಗಿರಬೇಕು. ನಾಳೆ ನೂರು ಮನೆಯಲ್ಲಿ ಈ ಮುಚ್ಚಳ ತೆಗೆಯುತ್ತಾರೆ, ಒಂದು ಚಮಚ ಬಾಯಿಗಿಟ್ಟು ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ, ಅಕ್ಕೋರಿಗೆ ವಯಸ್ಸಾಯಿತು ಎಂದು ನಗುತ್ತಾರೆ ಎನಿಸಿತು. ಅವರು ಹಾಗೆ ನಗುವುದನ್ನು ನನಗೆ ಸಹಿಸಲಾಗಲಿಲ್ಲ. ಮುಚ್ಚಳ ಕೆಳಗಿಟ್ಟೆ.

"ಅಕ್ಕೋರ, ಇದನ್ನ ಕೊಡೂದು ಬ್ಯಾಡ್ರಿ."

"ಯಾಕ?"

"ಲವಂಗ ಭಾಳ ಆಗೇತ್ರಿ. ಕಹಿ ಹೊಡ್ಯಾಕತ್ತೇತಿ."

ಸೌಟು ಬೋಗೋಣಿಯ ಮೇಲೆ ನಿಂತಿತು. "ಎಡಿ ಆಗಿದ್ದಕ್ಕ ಹೆಸರಿಡ್ತಿ?"

"ಇಡಬಾರದು ಖರೆ ಐತ್ರಿ. ಆದ್ರ ನಾಳೆ ಮಂದಿ ತಿಂತಾರ."

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಈ ವರ್ಷ ಒಂದ ಹಿಂಗ ಆಗೇತೋ, ಮೊದಲೂ ಆಗಿತ್ತೋ?"

"ಹೋದ ವರ್ಷನೂ ಆಗಿತ್ರಿ. ಅದರ ಹಿಂದಿನ ವರ್ಷನೂ."

"ಮೂರು ವರ್ಷ," ಎಂದರು. "ಮೂರು ವರ್ಷ ನನ್ನ ಎದುರಿಗೆ ಕುಂತು ಛಲೋ ಆಗೇತಿ ಅಂದಿ."

ನನಗೂ ತಡೆಯಲಿಲ್ಲ. "ನೀವು ಹಬಿ ನೋಡಿ ಹಾಕ್ತಿದ್ರಿ. ನಿಮಗ ಗೊತ್ತಾಗಲಿಲ್ಲೇನ್ರಿ?"

ಅಕ್ಕೋರು ಸೌಟನ್ನು ಬೋಗೋಣಿಯೊಳಗೆ ಬಿಟ್ಟರು. "ಆ ಜ್ವರ ಬಂದು ಹೋದಾಗಿಂದ ಮೂಗಿಗೆ ಏನೂ ಹತ್ತಂಗಿಲ್ಲ. ಮಲ್ಲಿಗಿನೂ ಇಲ್ಲ, ಸಗಣಿನೂ ಇಲ್ಲ. ಈಗ ಬಂದೀತು, ಈಗ ಬಂದೀತು ಅಂತ ಹಾಕ್ಕೊಂತ ಹೋದೆ. ಕಣ್ಣಾಗ ನೀರು ಬಂದಾಗ ಸಾಕು ಮಾಡ್ತಿದ್ದೆ."

"ಯಾರಿಗೂ ಯಾಕ ಹೇಳಲಿಲ್ರಿ?"

"ನೀ ಯಾಕ ಹೇಳಲಿಲ್ಲ?"

ಅವರೇ ಮತ್ತೆ, "ಇಬ್ರಿಗೂ ಸೊನ್ನಿ," ಎಂದು ಎದ್ದರು. ನಾನು ಅಷ್ಟಕ್ಕೆ ಮುಗಿಯಿತೆಂದುಕೊಂಡು ಉಸಿರು ಬಿಟ್ಟೆ. ಅವರು ಮೂಲೆಯಲ್ಲಿದ್ದ ಬುಟ್ಟಿ ತೆಗೆದು ನನ್ನ ಕೈಗೆ ಕೊಟ್ಟರು.

"ನಡಿ. ಎಲ್ಲಾರ ಮನ್ಯಾಗಿಂದೂ ತಿರುಗಿ ತರೂಣು."

ಕೈ ಮುಗಿದು ಕೇಳಿಕೊಂಡೆ. ಬಿಟ್ಟು ಬಿಡಿ, ಜನ ಏನಂದುಕೊಳ್ಳುತ್ತಾರೆ ಎಂದೆ. ಅವರು ಆಗಲೇ ಅಂಗಳಕ್ಕೆ ಇಳಿದಿದ್ದರು. ಬರೆದದ್ದು ತಪ್ಪಾಗಿದೆ, ಪಾಟಿಗಳನ್ನೆಲ್ಲ ವಾಪಸು ಕೊಡಿ ಎಂದು ಕೇಳುವ ಹಾಗೆ ಓಣಿಯ ಮೊದಲ ಮನೆಯಿಂದ ಶುರು ಮಾಡಿದರು. ಬುಟ್ಟಿ ಹಿಡಿದು ಅವರ ಹಿಂದೆ ನಾನು.

ಕಂಡಕ್ಟರನ ಹೆಂಡತಿ ಬಾಗಿಲಿಗೆ ಬಂದು, "ಭಾಳ ಛಲೋ ಆಗಿತ್ರಿ ಅಕ್ಕೋರ, ಹುಡುಗರು ಎರಡ ದಿನದಾಗ ಖಾಲಿ ಮಾಡ್ಯಾವು" ಎಂದಳು.

"ಖಾಲಿ ಬಾಟ್ಲಿ ತೊಗೊಂಡು ಬಾ."

ಒಳಗೆ ಹೋದವಳು ಬರುವ ತನಕ ನಾನು ನೆಲ ನೋಡುತ್ತ ನಿಂತಿದ್ದೆ. ಎರಡೂ ಬಾಟಲಿ ತುಂಬಿಯೇ ಇದ್ದವು. ಅಕ್ಕೋರು ಅವನ್ನು ಬುಟ್ಟಿಗೆ ಇಟ್ಟುಕೊಂಡರು. ಮುಂದಿನ ಮನೆ. ಅದರ ಮುಂದಿನ ಮನೆ. ಎಲ್ಲ ಕಡೆ ಅದೇ ಮಾತು, ಛಲೋ ಆಗಿತ್ತು, ಖಾಲಿಯಾಯಿತು, ಮಕ್ಕಳು ತಿಂದವು. ಎಲ್ಲ ಕಡೆಯಿಂದ ತುಂಬಿದ ಬಾಟಲಿ. ಕೆಲವರ ಮನೆಯಿಂದ ಹಿಂದಿನ ವರ್ಷದ್ದೂ ಬಂತು. ಗಿರಣಿ ಮನೆಯಾಕೆ ಒಬ್ಬಳೇ ಅರ್ಧ ಖಾಲಿಯಾದ ಬಾಟಲಿ ತಂದಳು.

"ತಿಂದಿಯೇನು?" ಎಂದು ಅಕ್ಕೋರು ಕೇಳಿದರು.

ಅವಳು ತಡವರಿಸಿ, "ಹಲ್ಲು ನೋವಿಗೆ ಹಚ್ಚಿದ್ನಿರಿ. ಭಾಳ ಗುಣ ಆತು" ಎಂದಳು.

ಅಕ್ಕೋರು ಆ ದಿನ ಒಮ್ಮೆ ನಕ್ಕಿದ್ದರೆ ಅದು ಅಲ್ಲಿ. "ನೀ ಒಬ್ಬಾಕಿ ಖರೆ ಹೇಳಿದಿ," ಎಂದು ಆ ಬಾಟಲಿ ಅವಳಿಗೇ ಬಿಟ್ಟರು.

ಕೊನೆಗೆ ನನ್ನ ಮನೆ. ತೊಗರಿಬೇಳೆ ಡಬ್ಬಿಯ ಹಿಂದೆ ನಾನು ಮುಚ್ಚಿಟ್ಟಿದ್ದ ಆರು ಬಾಟಲಿಯನ್ನು ಒಂದೊಂದಾಗಿ ತೆಗೆದು ಅವರ ಮುಂದಿಟ್ಟೆ. ಮೂರು ವರ್ಷದ್ದು. ಅವರು ಬಗ್ಗಿ ಪ್ರತಿಯೊಂದರ ಮೇಲೆ ತಾವೇ ಅಂಟಿಸಿದ್ದ ಚೀಟಿ ಓದಿದರು.

"ಅವರೆಲ್ಲಾ ನೆರೆಮನಿ ಮಂದಿ," ಎಂದರು. "ನೀ ನನ್ನ ಕೈಯಾಗ ಕಲಿತಾಕಿ."

ಒಂದು ಏಟು ಹೊಡೆದಿದ್ದರೆ ಎಷ್ಟೋ ಛಲೋ ಇತ್ತು.

ಎಡೆಯಾದದ್ದನ್ನು ತಿಪ್ಪೆಗೆ ಹಾಕುವ ಹಾಗಿಲ್ಲ. ಆ ಸಂಜೆ ತಮ್ಮನನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಬದುವಿನ ಬಾರಿಗಿಡದ ಬುಡದಲ್ಲಿ ಗುಂಡಿ ತೋಡಿಸಿ ಎಲ್ಲ ಸುರಿಸಿದರು. ನಾನೂ ಹೋಗಿದ್ದೆ. ಮಣ್ಣು ಮುಚ್ಚುವಾಗ, "ಭೂಮಿತಾಯಿಗೆ ಮೂರು ವರ್ಷ ಕಹಿ ಉಣಿಸೀನಿ. ಆಕಿನೂ ಸುಮ್ನ ಉಂಡಾಳ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ನಾನು ಅಲ್ಲೇ ಇದ್ದೆ.

ಮರುದಿನದ ಗುರುವಂದನೆಗೆ ಬರಿಗೈಯಲ್ಲೇ ಬಂದರು. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಹೊಗಳಿದರು. ಅಕ್ಕೋರು ಕಲಿಸಿದ್ದಕ್ಕೆ ನಾವು ಮನುಷ್ಯರಾದೆವು, ಅವರಂಥ ಶಿಕ್ಷಕರು ಈ ತಾಲ್ಲೂಕಿನಲ್ಲಿ ಇಲ್ಲ, ಹೀಗೆ ಎರಡು ತಾಸು. ಅಕ್ಕೋರು ಕೈ ಕಟ್ಟಿ ಕೇಳಿದರು. ಕೊನೆಗೆ ಮೈಕು ಅವರ ಕೈಗೆ ಬಂದಾಗ, "ನೀವು ಹೇಳಿದ್ದು ಖರೆ ಐತೋ ಸುಳ್ಳ ಐತೋ ನನಗ ಗೊತ್ತಾಗವಲ್ದು" ಎಂದಷ್ಟೇ ಹೇಳಿ ಕೂತರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಚಪ್ಪಾಳೆ ಬಿತ್ತು. ಅಕ್ಕೋರು ಮೊದಲಿನಿಂದಲೂ ಹಾಸ್ಯಗಾರರು ಎಂದು ನನ್ನ ಪಕ್ಕದವನು ಹೇಳಿದ. ನನಗೆ ಮಾತ್ರ ಎದ್ದು ಓಡಬೇಕೆನಿಸಿತು.

ಆಮೇಲೆ ಅವರು ಜಾಮು ಮಾಡಲಿಲ್ಲ. ಮರುವರ್ಷ ರಜೆಯ ಮೊದಲ ದಿನ ಬಾಗಿಲು ಬಡಿಯಲಿಲ್ಲ. ಎಂಟು ದಿನದ ರಜೆ ಕೈಯಲ್ಲಿದ್ದರೂ ಏನು ಮಾಡುವುದು ತಿಳಿಯಲಿಲ್ಲ. ನಾನೇ ಚೀಲ ಹಿಡಿದು ಹೋದೆ.

"ನಡೀರಿ, ತಾವರಗೇರಾಕ್ಕ ಹೋಗೂಣು. ನೀವು ಮಾಡ್ರಿ, ನಾ ರುಚಿ ನೋಡಿ ಹೇಳ್ತೀನಿ."

"ಎಡಿ ಹಿಡಿಯೂಕಿಂತ ಮೊದಲ ನೋಡಾಕ ಬರಂಗಿಲ್ಲ."

"ಎಡಿಗೆ ಬ್ಯಾರೆ ತೆಗೆದು ಇಡೂಣು, ಉಳಿದಿದ್ದನ್ನ ನೋಡೂಣು."

"ಒಂದ ಬೋಗೋಣ್ಯಾಗಿಂದ ಎರಡ ಆಗತೈತೇನು?"

"ಹಂಗಾರ ನೀವು ಕುಂತು ಹೇಳ್ರಿ. ನಾ ಮಾಡ್ತೀನಿ."

"ಮೂಗಿಲ್ಲದಾಕಿ ಏನ್ ಹೇಳ್ಲಿ?"

ಎಂಟು ದಿನ ಹಟ ಹಿಡಿದೆ. ಇಷ್ಟು ಸಣ್ಣ ವಿಷಯ. ಒಂದು ಚಮಚ, ಒಂದು ನಾಲಿಗೆ, ಅದೂ ನನ್ನ ನಾಲಿಗೆ. ಅಷ್ಟಕ್ಕೆ ಒಪ್ಪಿದ್ದರೆ ಅವರಿದ್ದಷ್ಟು ಚಳಿಗಾಲ ಆ ಜಾಮು ಸಿಗುತ್ತಿತ್ತು. ಒಪ್ಪಲಿಲ್ಲ. ಮಸಾಲೆಯ ಅಳತೆಯನ್ನಾದರೂ ಹೇಳಿ ಎಂದರೆ ಗೊತ್ತಿದ್ದರೆ ತಾನೇ ಹೇಳುವುದು. ಅದೆಲ್ಲ ಮೂಗಿನಲ್ಲಿತ್ತು. ನನ್ನ ಜೊತೆ ಮಾತು ಬಿಡಲಿಲ್ಲ, ಬಾಗಿಲು ಬಡಿದು ಬರುವುದೂ ಬಿಡಲಿಲ್ಲ. ಆದರೆ ನಾನು ಏನನ್ನಾದರೂ ಛಲೋ ಎಂದರೆ ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಿದ್ದರು. ಹೊಸ ಸೀರೆ ಛಲೋ ಐತ್ರಿ ಎಂದರೂ ಅಷ್ಟೇ, ಮುಖದ ಬಣ್ಣ ಛಲೋ ಆಗೇತ್ರಿ ಎಂದರೂ ಅಷ್ಟೇ. ಕಳೆದ ಶ್ರಾವಣದಲ್ಲಿ ಎರಡು ದಿನ ಮಲಗಿದ್ದರು, ಮೂರನೆಯ ದಿನ ಹೋದರು. ಕೊನೆಯ ಸಲ ಹೋದಾಗ, "ಆರಾಮ ಆಗ್ತೀರಿ ಅಕ್ಕೋರ" ಎಂದಿದ್ದೆ. ಅದೇ ನೋಟ.

ಈ ಎಳ್ಳಮಾವಾಸ್ಯೆಗೆ ನಾನೇ ಮಾಡಿದೆ. ಒಬ್ಬಳೇ ತಾವರಗೇರಾ ಸಂತೆಗೆ ಹೋಗಿ ಹಣ್ಣು ತಂದೆ. ಎರಡು ದಿನ ಸಾಣಿಗೆ ತಿಕ್ಕಿದೆ. ರೂಢಿ ಮುರಿದು ಮೂರು ಸಲ ರುಚಿಯನ್ನೂ ನೋಡಿದೆ, ಲವಂಗ ಹದವಾಗಿಯೇ ಇತ್ತು. ಇನ್ನೇನು ಇಳಿಸಬೇಕು ಎನ್ನುವಾಗ ತಮ್ಮ ಮಗನ ಅಂಕ ಕಡಿಮೆಯಾಯಿತೆಂದು ಯಾರೋ ಪಾಲಕರು ಫೋನು ಮಾಡಿದರು. ಅವರಿಗೆ ಸಮಾಧಾನ ಹೇಳಿ ಬರುವಷ್ಟರಲ್ಲಿ ಅಡಿ ಹತ್ತಿತ್ತು. ಮೇಲಿಂದ ಮೆಲ್ಲಗೆ ತೆಗೆದರೂ ಸುಟ್ಟ ವಾಸನೆ ಇಡೀ ಬೋಗೋಣಿಗೆ ಹಿಡಿದಿತ್ತು. ಚೆಲ್ಲಿ ಇನ್ನೊಮ್ಮೆ ಮಾಡಬೇಕಿತ್ತು. ಮಾಡಲಿಲ್ಲ. ಅಮಾವಾಸ್ಯೆ ಮರುದಿನವೇ ಇತ್ತು, ಕೈ ಸೋತಿತ್ತು. ಅಕ್ಕೋರ ತಮ್ಮನ ಹೊಲದಲ್ಲಿ ಎಡೆ ಹಿಡಿದು ಹನ್ನೆರಡು ಮನೆಗೂ ಕೊಟ್ಟೆ. ಯಾರಾದರೂ ಒಬ್ಬರು ಹೇಳುತ್ತಾರೆ, ಇಷ್ಟೆಲ್ಲ ಆದ ಮೇಲೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ ಎಂದುಕೊಂಡಿದ್ದೆ.

ಹನ್ನೊಂದು ಮನೆಯವರು ಛಲೋ ಆಗಿದೆ ಎಂದರು. ನನ್ನ ಗಂಡನೂ ಹಾಗೇ ಎಂದರು. ನಿನ್ನೆ ಗಿರಣಿ ಮನೆಯಾಕೆ ಹಿಟ್ಟಿನ ಡಬ್ಬಿ ಕೊಡಲು ಬಂದಳು. ಅವಳನ್ನೇ ಕಾಯುತ್ತಿದ್ದೆ.

"ಭಾಳ ಛಲೋ ಆಗೇತ್ರಿ ಟೀಚರ್," ಎಂದಳು.

ನಾನು ಒಳಗಿಂದ ಬಾಟಲಿ ತಂದು, ಮುಚ್ಚಳ ತೆಗೆದು ಅವಳ ಮೂಗಿನ ಹತ್ತಿರ ಹಿಡಿದೆ. "ಮೂಸಿ ನೋಡಿ ಹೇಳ್ರಿ. ಸುಟ್ಟಿದ್ದು ನಿಮಗ ಗೊತ್ತಾಗಲಿಲ್ಲೇನು?"

ಅವಳು ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

"ಗೊತ್ತಾತ್ರಿ," ಎಂದಳು. "ಎಡಿ ಆಗಿದ್ದಕ್ಕ ಹೆಂಗ ಹೆಸರಿಡೂದ್ರಿ?"